ಕೆಮ್ಮದೆ ಕೂತ ಎರಡೂವರೆ ಗಂಟೆ

ಕೆಮ್ಮುವುದು ಹೇಗೆ ಅಂತ ನಿಮಗೆ ಯಾರಾದರೂ ಪಾಠ ಮಾಡಿದ್ದಾರೆಯೇ? ನನಗೆ ಮಾಡಿದ್ದಾರೆ. ದೋಹಾದ ಅಲ್ ಥುಮಾಮಾ ಬಡಾವಣೆಯ ಒಂದು ಫ್ಲ್ಯಾಟಿನ ಹಾಲ್‌ನಲ್ಲಿ, ಗಿರ್ಮಿಟ್ ತಿನ್ನಿಸಿ, ಲ್ಯಾಪ್‌ಟಾಪ್ ತೆರೆದಿಟ್ಟು.

ಮೇಷ್ಟ್ರು ನನ್ನ ಗೆಳೆಯ ಗುರುನಾಥ. ಬಾಗಲಕೋಟೆಯವರು, ಮೆಸಯೀದ್‌ನ ಪ್ಲ್ಯಾಂಟೊಂದರಲ್ಲಿ ಎಂಜಿನಿಯರ್. ಈ ಬೇಸಿಗೆಯಲ್ಲಿ ಅವರಿಗೆ ಯುರೋಪಿನ ಶಾಸ್ತ್ರೀಯ ಸಂಗೀತದ ಹುಚ್ಚು ಹಿಡಿಯಿತು. (ಅವರ ಬಾಸ್ ಹೋದ ವರ್ಷ ಆಸ್ಟ್ರಿಯಾದ ಸಂಗೀತೋತ್ಸವವೊಂದಕ್ಕೆ ಹೋಗಿ ಬಂದಿದ್ದ. ಸೋಂಕು ಅಲ್ಲಿಂದ ತಗಲಿದ್ದು.) ಸರಿ, ಐದು ಜನರ ತಂಡ ತಯಾರಾಯಿತು. ಗುರುನಾಥ, ಅವರ ಹೆಂಡತಿ ಸುಧಾ, ನಾನು, ನನ್ನ ಹೆಂಡತಿ, ಜೊತೆಗೆ ಉಮ್ಮ್ ಸಲಾಲ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಪುತ್ತೂರಿನ ಇಬ್ರಾಹಿಂ. ಇಬ್ರಾಹಿಂಗೆ ಬೇಕಿದ್ದದ್ದು ಸಂಗೀತವಲ್ಲ, ಜುಲೈನಲ್ಲಿ ಒಂದು ವಾರ ತಣ್ಣನೆಯ ಗಾಳಿ. ನಮಗೆಲ್ಲ ಬೇಕಿದ್ದದ್ದೂ ಅದೇ. ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ.

ಗುರುನಾಥ ಪ್ರವಾಸವನ್ನು ಪ್ಲ್ಯಾಂಟಿನ ರಿಪೇರಿ ಕೆಲಸದಂತೆ ನಡೆಸಿದರು. ಚೆಕ್‌ಲಿಸ್ಟ್, ಡ್ರೆಸ್ ಕೋಡ್, ಮೂರು ವಾರ ಟ್ರೇನಿಂಗ್. ಕೃತಿಯ ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವೆ ಚಪ್ಪಾಳೆ ತಟ್ಟಿದರೆ ಮಾನ ಹೋದಂತೆ. ಕೆಮ್ಮು ಬಂದರೆ ಡೋಲು ಜೋರಾಗುವವರೆಗೆ ತಡೆದುಕೊಳ್ಳಬೇಕು. ಈ ಪಾಠಗಳ ಹೊತ್ತಿನಲ್ಲಿ ಸುಧಾ ಎಲ್ಲಿದ್ದರು? ಅಡುಗೆಮನೆಯಲ್ಲಿ. ನಮಗೆ ಚಹಾ ಬೇಕಲ್ಲ!

ಅಂತೂ ಆಸ್ಟ್ರಿಯಾ ತಲುಪಿ, ಮೊದಲ ಸಂಜೆಯೇ ಕಛೇರಿಗೆ ಹೋಗಿ ಕೂತೆವು. ನಾನು ಎರಡು ಸಲ ತೂಕಡಿಸಿದೆ, ಎರಡು ಸಲ ಹೆಂಡತಿಯ ಮೊಣಕೈ ತಿಂದೆ. ಇಬ್ರಾಹಿಂ ಪಿಟೀಲುಗಳನ್ನು ಎಣಿಸಿದರು. ಗುರುನಾಥ ಮಾತ್ರ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಎರಡೂವರೆ ಗಂಟೆ ಅಲುಗಲಿಲ್ಲ. ಫೋನ್ ಮುಟ್ಟಲಿಲ್ಲ. ಕೆಮ್ಮಲೂ ಇಲ್ಲ.

ಮರುದಿನ ಬೆಳಿಗ್ಗೆ ಸರೋವರದ ದಂಡೆಯಲ್ಲಿ ನಡೆಯುತ್ತಿದ್ದೆವು. ಗುರುನಾಥರ ಉಪನ್ಯಾಸ ಮುಂದುವರಿದಿತ್ತು. ಹಿಂದೆ ಬರುತ್ತಿದ್ದ ಸುಧಾ ತಮ್ಮಷ್ಟಕ್ಕೆ ಏನೋ ಗುನುಗುತ್ತಿದ್ದರು. ಇಬ್ರಾಹಿಂ ನಿಂತುಬಿಟ್ಟರು.

"ಅಕ್ಕ, ನೀವು ಹಾಡ್ತೀರಾ? ಮತ್ತೆ ನಾವು ಇಷ್ಟು ದೂರ ಬಂದದ್ದು ಯಾಕೆ?"

ಗುರುನಾಥ ನಕ್ಕು, ಅದು ಮನೆಯ ಮಟ್ಟಿಗೆ, ಟೈಂಪಾಸ್ ಎಂದರು. ಸುಧಾ ನಗಲಿಲ್ಲ. ಧಾರವಾಡದಲ್ಲಿ ಒಂಬತ್ತು ವರ್ಷ ಹಿಂದೂಸ್ತಾನಿ ಕಲಿತದ್ದನ್ನು ಇಬ್ರಾಹಿಂಗೆ ಹೇಳಿದರು. ಮದುವೆಯಾಗಿ ಕತಾರ್‌ಗೆ ಬಂದ ಮೇಲೆ ಗಂಡನಿಗೆ ಶಿಫ್ಟ್ ಡ್ಯೂಟಿ, ಹಗಲು ನಿದ್ದೆ. ಆಮೇಲೆ ಹಾಡಿದರಾಯಿತು ಅಂತ ಸುಮ್ಮನಾದರಂತೆ. ಶಿಫ್ಟ್ ಹೋಗಿ ಜನರಲ್ ಡ್ಯೂಟಿ ಬಂತು. ಆ ‘ಆಮೇಲೆ’ ಮಾತ್ರ ಹದಿನಾಲ್ಕು ವರ್ಷವಾದರೂ ಬರಲಿಲ್ಲ.

ನಂತರ ಗಂಡನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ನಿನ್ನೆ ಎರಡೂವರೆ ತಾಸು ಉಸಿರು ಬಿಗಿ ಹಿಡಿದು ಕೂತ್ರಿ. ನಾ ಹಾಡಿದ್ರ ಹತ್ತು ನಿಮಿಷ ಕೂಡ್ತೀರೇನ್ರಿ?"

ಉಪನ್ಯಾಸ ನಿಂತಿತು. ನಾನು ಬಾತುಕೋಳಿಗಳನ್ನು ನೋಡತೊಡಗಿದೆ. ನೋಡದೆ ಏನು ಮಾಡಲಿ? ಆರು ವರ್ಷದಿಂದ ಆ ಮನೆಯಲ್ಲಿ ಊಟ ಮಾಡುತ್ತಿದ್ದೇನೆ. ಸಾರು ಚೆನ್ನಾಗಿದೆ ಎಂದಿದ್ದೇನೆಯೇ ಹೊರತು ‘ನಿಮಗೇನು ಇಷ್ಟ’ ಅಂತ ಒಂದು ದಿನವೂ ಕೇಳಿದವನಲ್ಲ.

ದೋಹಾಕ್ಕೆ ಮರಳಿದ ಮೊದಲ ಶುಕ್ರವಾರ ಗುರುನಾಥರ ಫೋನ್ ಬಂತು. ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದರು. ಡ್ರೆಸ್ ಕೋಡ್ ಹೇಳಲಿಲ್ಲ. ಫೋನಿನ ಆ್ಯಪ್‌ನಲ್ಲಿ ತಂಬೂರಿ ಹಚ್ಚಿ ಸುಧಾ ಹಾಡಲು ಕೂತರು. ಮೇಲಿನ ಷಡ್ಜಕ್ಕೆ ಹೋಗುತ್ತಲೇ ದನಿ ಒಡೆಯಿತು. ಮತ್ತೆ ಹೋದರು, ಮತ್ತೆ ಒಡೆಯಿತು. ನೀರು ಕುಡಿದು, ಕಣ್ಣು ಒರೆಸಿಕೊಂಡು, ಕೆಳಗಿನಿಂದ ನಿಧಾನವಾಗಿ ಮೂರನೇ ಸಲ ಹತ್ತಿದರು. ಅಷ್ಟರಲ್ಲಿ ಪ್ಲ್ಯಾಂಟಿನಿಂದ ಗುರುನಾಥರಿಗೆ ಕರೆ ಬಂತು. ಅವರು ಫೋನ್ ಆಫ್ ಮಾಡಿ ಸೋಫಾದ ದಿಂಬಿನ ಕೆಳಗೆ ತುರುಕಿದರು. ಸುಧಾ ಷಡ್ಜ ಮುಟ್ಟಿ, ಅಲ್ಲೇ ನಿಂತರು. ಇಬ್ರಾಹಿಂ ಮೆಲ್ಲಗೆ "ಮಾಶಾ ಅಲ್ಲಾ" ಎಂದರು.

ಗುರುನಾಥ ಬದಲಾದರು ಅಂತೀರಾ? ಈಗ ಮೆಸಯೀದ್‌ಗೆ ಹೋಗುವ ಕಂಪನಿ ಬಸ್ಸಿನಲ್ಲಿ ಅವರು ಎಲ್ಲರಿಗೂ ಹೇಳುವುದು ಇಷ್ಟು: "ನಮ್ಮ ಸುಧಾನ ಸಂಗೀತಕ್ಕ ಮೊದಲಿಂದನೂ ನಂದು ಫುಲ್ ಸಪೋರ್ಟ್ ಅದ."

ಈ ಮಾತನ್ನು ತಿದ್ದಲು ಸುಧಾಗೆ ಪುರುಸೊತ್ತಿಲ್ಲ, ರಿಯಾಜ್ ನಡೆದಿದೆ.