ನಿಧನ ವಾರ್ತೆಯಲ್ಲಿ ಸಿಕ್ಕ ದೊಡ್ಡಮ್ಮ

ಬೆಳಕು ಹರಿಯುವ ಹೊತ್ತಿಗೆ ಹಳೇ ಪೇಪರ್ ಅಂಗಡಿಯ ಶಟರ್ ಅರ್ಧ ಮೇಲೆದ್ದಿದೆ. ಸೂರು ಮುಟ್ಟುವ ಕಟ್ಟುಗಳ ನಡುವೆ ಒಬ್ಬ ಹೆಂಗಸು ಮಣೆ ಹಾಕಿಕೊಂಡು ಕೂತಿದ್ದಾರೆ. ಕೈಯಲ್ಲಿ ಕತ್ತರಿ, ಮೂಗಿನ ತುದಿಯಲ್ಲಿ ಕನ್ನಡಕ. ತಕ್ಕಡಿ ಏರುವ ಮುನ್ನ ಪ್ರತಿ ಪತ್ರಿಕೆಯ ನಿಧನ ವಾರ್ತೆಗಳ ಮೇಲೆ ಇವರ ಕಣ್ಣು ಹಾಯಲೇಬೇಕು. ಮನೆತನದ ಹೆಸರು ಹಿಡಿದು ಕಳೆದುಹೋದ ನೆಂಟರನ್ನು ಹುಡುಕಿಕೊಡುವುದರಿಂದ ಬೀದಿಯವರಿಗೆಲ್ಲ ಇವರು ‘ಅಡ್ಡಹೆಸರಿನ ಅಕ್ಕ’.

“ಬೆಳಗಾಗೆದ್ದು ಸತ್ತೋರ ಮುಖ ನೋಡ್ತೀಯಲ್ಲ ಅಂತ ನಮ್ಮನೆಯೋರು ಬೈತಿದ್ರು. ಈಗ ಅವರೇ ಕತ್ತರಿಸಿ ಕೊಡ್ತಾರೆ,” ಎಂದು ನಗುತ್ತಾರೆ.

ಗಂಡನ ಸೊಂಟ ಕೈಕೊಟ್ಟ ಮೇಲೆ ಅಂಗಡಿ ಇವರ ಹೆಗಲಿಗೆ ಬಂತು. ಗಿರಾಕಿ ಇಲ್ಲದಾಗ ಓದಿದ್ದೇ ಗೀಳಾಯಿತು. ಇಂಟರ್‌ನೆಟ್ಟಿನಲ್ಲಿ ವಂಶಾವಳಿ ಪಟ್ಟಿ ನೋಡುವುದನ್ನು ಮಗಳು ಕಲಿಸಿದಳು. ದೂಳಿಗೆ ಕೆಮ್ಮು ಬಿಟ್ಟಿಲ್ಲ. ಫೋನ್ ಮಾಡಿದರೆ ಏನೋ ಮಾರುವವರೆಂದು ಅರ್ಧಕ್ಕರ್ಧ ಜನ ಇಟ್ಟುಬಿಡುತ್ತಾರೆ. ಒಮ್ಮೆ ತೀರಿಕೊಂಡವರೊಬ್ಬರ ಹೆಸರು ಹೇಳಿ, ಅವರ ಮನೆಯವರು ಬೇಕು ಎಂದು ಕೇಳಿದಾಗ, “ನಾನಿನ್ನೂ ತೀರಿಕೊಂಡಿಲ್ಲಮ್ಮ, ತಿಂಡಿ ತಿಂತಿದ್ದೀನಿ,” ಎಂದರಂತೆ ಅದೇ ಹೆಸರಿನ ಇನ್ನೊಬ್ಬರು.

ಕಳೆದ ವರ್ಷ ಬಂದವನು ಒಬ್ಬ ಬಸ್ ಡ್ರೈವರ್. ಅವನ ತಾಯಿ ಮೆಚ್ಚಿದವನನ್ನು ಮದುವೆಯಾಗಿ, ಮತ್ತೆಂದೂ ತವರಿನ ಹೊಸ್ತಿಲು ತುಳಿದವರಲ್ಲ. ಈಗ ಅಪ್ಪ ಅಮ್ಮ ಇಬ್ಬರೂ ಇಲ್ಲ. “ನನ್ನೋರು ಅಂತ ಒಬ್ಬರಾದ್ರೂ ಇದ್ದಾರಾ ನೋಡಿ ಅಕ್ಕ,” ಎಂದ. ಅವನಿಗೆ ಗೊತ್ತಿದ್ದದ್ದು ತಾಯಿಯ ತವರಿನ ಅಡ್ಡಹೆಸರು ಮಾತ್ರ.

ವಂಶಾವಳಿಯಲ್ಲಿ ಆ ಮನೆತನ ಸಿಕ್ಕಿತು. ಆದರೆ ಅಲ್ಲಿ ಬರೀ ಗಂಡಸರ ಹೆಸರು. ಹೆಣ್ಣುಮಕ್ಕಳು ಮದುವೆಯಾಗಿ ಯಾವ ಮನೆ ಸೇರಿದರೋ, ಸುಳಿವೇ ಇಲ್ಲ. ಅಕ್ಕ ಹಟ ಬಿಡಲಿಲ್ಲ, ಕಟ್ಟು ಬಿಚ್ಚುತ್ತಲೇ ಹೋದರು. ಕೊನೆಗೆ ಒಬ್ಬ ಮೇಷ್ಟ್ರ ನಿಧನ ವಾರ್ತೆ ಕಣ್ಣಿಗೆ ಬಿತ್ತು. ಮನೆಯವರು ಯಾವ ಮುತುವರ್ಜಿಯಿಂದಲೋ ಹೆಂಡತಿಯ ಹೆಸರಿನ ಜೊತೆ ತವರಿನ ಹೆಸರನ್ನೂ ಹಾಕಿಸಿದ್ದರು. ವಿಚಾರಿಸಿದರೆ ಆಕೆ ಡ್ರೈವರನ ತಾಯಿಯ ಒಡಹುಟ್ಟಿದ ಅಕ್ಕ.

ಡ್ರೈವರನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಪೀಕರ್ ಹಾಕಿ, ಅಕ್ಕ ಅಂಗಡಿಯಿಂದಲೇ ಫೋನ್ ಮಾಡಿದರು. ಯಾರು, ಏನು ಎಂದು ತಿಳಿಸಿದರು. ಆಮೇಲೆ ದೊಡ್ಡಮ್ಮ ಕೇಳಿದರು: “ನಗೋವಾಗ ನಿಮ್ಮಮ್ಮನ ಹಾಗೆ ನಿನಗೂ ಕೆನ್ನೇಲಿ ಗುಳಿ ಬೀಳತ್ತೇನೋ?”

ಡ್ರೈವರ್ ಕರ್ಚೀಫಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. “ಬೀಳತ್ತೆ ಕಣ್ರೀ, ಎರಡೂ ಕಡೆ,” ಎಂದು ಅಕ್ಕನೇ ಹೇಳಬೇಕಾಯಿತು. ಈಗ ರಜೆ ಸಿಕ್ಕರೆ ಸಾಕು, ಅವನು ಹೆಂಡತಿ ಮಕ್ಕಳ ಸಮೇತ ದೊಡ್ಡಮ್ಮನ ಮನೆಯಲ್ಲಿ ಹಾಜರು.

ಅಕ್ಕನಿಗೇನಾದರೂ ಆಸೆ ಇದೆಯೇ? ಕತ್ತರಿ ಕೆಳಗಿಟ್ಟು ಯೋಚಿಸುತ್ತಾರೆ.

“ಪೇಪರಲ್ಲಿ ಹಾಕ್ಸೋವಾಗ ಹೆಂಗಸರ ತವರಿನ ಹೆಸರೂ ಹಾಕ್ಸಿ ಅಂತ ಬರೀರಿ. ಮದುವೆಯಾದ್ಮೇಲೆ ಹುಟ್ಟಿದ ಮನೆ ಸುಳ್ಳಾಗತ್ತಾ?”