ಪಿತೃಪಕ್ಷದಲ್ಲಿ ಬಂದ ಕಾಗದ

ಆ ಲಕೋಟೆ ಸಿಯಾಟಲ್ ಹತ್ತಿರದ ಸಮಾಮಿಶ್‌ನ ನಮ್ಮ ಮನೆಗೆ ಬಂದದ್ದು ಪಿತೃಪಕ್ಷದ ಮೂರನೆಯ ದಿನ. ಮೇಲಿದ್ದ ಹೆಸರು, ಹಿಂದಿನ ವರ್ಷ ನಮ್ಮ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿಯದು. ವಿಜಯಪುರದ ಕಡೆಯವಳು. ಬೇರೆ ಜಾತಿಯವನನ್ನು ಮದುವೆಯಾದಳೆಂದು ಅವಳ ಅಣ್ಣಂದಿರು ಗಂಡನನ್ನು ಕೊಂದಿದ್ದರು. ಕೈಗೆ ಸಿಕ್ಕರೆ ಇವಳನ್ನೂ ಬಿಡುವವರಲ್ಲ. ಇಲ್ಲಿ ಆಶ್ರಯ ಕೇಳಿದಳು, ನ್ಯಾಯಾಧೀಶರು ಕೊಡಲಿಲ್ಲ. ವಕೀಲರೂ ಕೈಬಿಟ್ಟ ಮೇಲೆ ತಾನೇ ಕೂತು ಮೇಲ್ಮನವಿ ಬರೆದು ಹಾಕಿದ್ದಳು. ನಮ್ಮ ಮನೆ ಬಿಟ್ಟು ಶೋರ್‌ಲೈನ್ ಊರಿಗೆ ಹೋದಮೇಲೆ ಒಂದು ಕಡೆ ನೆಲೆ ನಿಲ್ಲದ ಕಾರಣ ಅರ್ಜಿಯಲ್ಲಿ ವಿಳಾಸ ಮಾತ್ರ ನಮ್ಮದೇ ಇತ್ತು.

"ಯಾವ ಕಾಗದ ಬಂದ್ರೂ ನನಗ ಲಗೂನ ಹೇಳ್ರಿ ಅಕ್ಕಾರ," ಎಂದಿದ್ದಳು.

ನಾನು ಹೇಳಲಿಲ್ಲ. ಮೈಸೂರಿನ ಮನೆಯಲ್ಲಿ ಬೆಳೆದವಳು, ಪಿತೃಪಕ್ಷದಲ್ಲಿ ಹೊಸ ಸೀರೆಯ ಮಡಿಕೆ ಕೂಡ ಬಿಚ್ಚುವವಳಲ್ಲ. ಮೇಲ್ಮನವಿಯದೇ ಇರಬೇಕು; ಇಷ್ಟು ದಿನ ಕಾದ ತೀರ್ಪನ್ನು ಕೆಟ್ಟ ದಿನಗಳಲ್ಲಿ ಯಾಕೆ ಒಡೆಯಬೇಕು ಅನ್ನಿಸಿತು. ದೇವರ ಮುಂದೆ ಇಟ್ಟೆ. ಅಮಾವಾಸ್ಯೆ ಕಳೆಯಲಿ, ನವರಾತ್ರಿಯ ಶುಕ್ರವಾರ ಊಟಕ್ಕೆ ಕರೆದು ಕೈಗೆ ಕೊಡೋಣ ಎಂದುಕೊಂಡೆ. ನನ್ನ ಬುದ್ಧಿಗೆ ಮಂಕು ಬಡಿದಿತ್ತು.

ಶುಕ್ರವಾರ ಬಂದಳು. ಊಟ ಮುಗಿಸಿ ಲಕೋಟೆ ಒಡೆದಳು. ಮೇಲ್ಮನವಿ ವಜಾ ಆಗಿತ್ತು. ಅಳಲಿಲ್ಲ; ಮೊದಲ ಹಾಳೆಗೆ ಹಿಂದಿರುಗಿ ತಾರೀಖು ನೋಡಿದಳು.

"ಇದು ಯಾವಾಗ ಬಂತ್ರಿ?"

ಹೇಳಿದೆ.

"ಮ್ಯಾಲಿನ ಕೋರ್ಟಿಗೆ ಹೋಗಾಕ ಮೂವತ್ತ ದಿನಾ ಅಷ್ಟ ಐತ್ರಿ. ಇದರ ಮ್ಯಾಲಿನ ತಾರೀಖಿನಿಂದ." ಬೆರಳು ಮಡಿಸಿ ಎಣಿಸಿದಳು. ಎಂಟು ದಿನ ಉಳಿದಿತ್ತು.

ಆ ಎಂಟು ದಿನ ದಾಟಿದರೆ ಅವಳನ್ನು ವಿಮಾನ ಹತ್ತಿಸುತ್ತಾರೆ, ಹತ್ತಿಸಿದವಳು ನಾನೇ ಆಗುತ್ತೇನೆ. ಮರುದಿನದಿಂದ ವಕೀಲರನ್ನು ಹುಡುಕುವುದೇ ಕೆಲಸ. ಒಬ್ಬರು ಎರಡು ವಾರ ಬಿಟ್ಟು ಬನ್ನಿ ಎಂದರು, ಇನ್ನೊಬ್ಬರ ಫೋನ್ ರಿಂಗ್ ಆಗುತ್ತಲೇ ಇತ್ತು. ಕಾರಿನಲ್ಲಿ ಅವಳು ಪಕ್ಕದಲ್ಲಿ ಕೂತು ಹೊರಗೆ ನೋಡುತ್ತಿದ್ದಳು. ಬೈದಿದ್ದರೆ ಒಳ್ಳೆಯದಿತ್ತು.

"ಒಂದು ಕಾಲ್ ಮಾಡಿದ್ರೆ ಸಾಕಿತ್ತಲ್ಲೇ," ಎಂದರು ನನ್ನ ಯಜಮಾನರು.

"ಗೊತ್ತು, ಸುಮ್ನಿರಿ," ಎಂದು ಅವರ ಮೇಲೆ ಹರಿಹಾಯ್ದೆ.

ಆರನೆಯ ದಿನ ಸಿಯಾಟಲ್‌ನ ಒಬ್ಬ ವಕೀಲೆ ಒಪ್ಪಿಕೊಂಡರು. ಈ ಕೋರ್ಟು ಅವಳ ಕಥೆಯನ್ನು ಹೊಸದಾಗಿ ಕೇಳುವುದಿಲ್ಲ, ಕೆಳಗಿನ ಹಂತದವರು ಕಾನೂನಿನ ಪ್ರಕಾರ ನಡೆದುಕೊಂಡರೋ ಇಲ್ಲವೋ ಎಂದಷ್ಟೇ ನೋಡುತ್ತದೆ ಎಂದರು. ಅರ್ಜಿ ಹಾಕಿದರೆ ಗಡೀಪಾರು ತಾನಾಗಿ ನಿಲ್ಲುವುದಿಲ್ಲ, ಅದಕ್ಕೆ ಬೇರೆಯೇ ಅರ್ಜಿ ಬೇಕು ಎಂದೂ ಹೇಳಿದರು. ಏಳನೆಯ ದಿನ ಮಧ್ಯಾಹ್ನ ಎರಡನ್ನೂ ಸಲ್ಲಿಸಿದರು.

ವಕೀಲೆಯ ಕಚೇರಿಯಿಂದ ಹೊರಗೆ ಬಂದು, "ಸದ್ಯ, ಬಚಾವಾದ್ವಿ," ಎಂದೆ.

"ಅಕ್ಕಾರ, ವಿಳಾಸ ಬದಲಿ ಮಾಡೀನ್ರಿ. ಇನ್ನ ಮ್ಯಾಲೆ ಕಾಗದ ನಿಮ್ಮ ಮನಿಗೆ ಬರಂಗಿಲ್ಲ," ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಎಲ್ಲಿಗೆ ಎಂದು ಕೇಳುವ ಮುಖ ನನಗಿರಲಿಲ್ಲ.

ಆಮೇಲೂ ಅಪರೂಪಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಈಗ ಎರಡು ವಾರದಿಂದ ಅವಳ ನಂಬರ್ ಸಿಗುತ್ತಿಲ್ಲ. ವಕೀಲೆಯನ್ನು ಕೇಳಿದರೆ, ಕಕ್ಷಿದಾರರ ವಿಷಯ ಹೊರಗಿನವರಿಗೆ ಹೇಳುವಂತಿಲ್ಲ ಎನ್ನುತ್ತಾರೆ. ಇಲ್ಲೇ ಇದ್ದಾಳೋ, ಅಣ್ಣಂದಿರಿರುವ ಊರಿಗೇ ಕಳಿಸಿಬಿಟ್ಟರೋ. ನನಗೆ ಭಯವಾಗುತ್ತದೆ. ತೀರ್ಪು ಬಂದಿದ್ದರೂ ನನಗೆ ಹೇಳುವವರು ಯಾರೂ ಇಲ್ಲ.