ಅವನೇ ಬೇಡವೆಂದ

ಭೀಮಶಿಯ ಓದು ನಿಲ್ಲಿಸಿದವನು ನಾನು. ನನ್ನ ಸೋದರಮಾವ ಅಲ್ಲ, ಬಡತನ ಅಲ್ಲ, ಅವನ ಜನರ ‘ಸ್ವಭಾವ’ವಂತೂ ಅಲ್ಲವೇ ಅಲ್ಲ — ನಾನು. ಇಷ್ಟು ಬರೆದು ಪೆನ್ನು ಕೆಳಗಿಟ್ಟು, ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು ಬಂದೆ. ಬಂದು ನೋಡಿದರೆ ವಾಕ್ಯ ಅಲ್ಲೇ ಇತ್ತು. ಇರಲಿ.

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಈ ವಾರ್ಷಿಕ ಸಂಚಿಕೆಯನ್ನು ಓದುವವರಿಗೆ ನಾನು ಭಾಷಣಕಾರನೆಂದು ಗೊತ್ತು. ಪ್ರತಿ ರಾಜ್ಯೋತ್ಸವಕ್ಕೂ ನನ್ನದೊಂದು ಭಾಷಣ. ವಿಷಯ ಬದಲಾಗುವುದಿಲ್ಲ, ಹೊದಿಸುವ ಶಾಲು ಮಾತ್ರ ಬದಲಾಗುತ್ತದೆ. ಅದನ್ನು ಅಚ್ಚು ಹಾಕಿದ್ದೂ ಉಂಟು, ಇದೇ ಪುಟಗಳಲ್ಲಿ. ಅದರ ಸಾರ ಹೀಗೆ: “ಒಂದೇ ನಾಡಿನಿಂದ ಎರಡು ಬಗೆಯ ಜನ ಈ ಊರಿಗೆ ಬಂದರು. ಉಡುಪಿ ಕಡೆಯ ನಾವು ಹೋಟೆಲಿನ ಲೋಟ ತೊಳೆಯಲು ಬಂದೆವು. ವಿಜಾಪುರ, ಕಲಬುರ್ಗಿ ಕಡೆಯ ಅವರು ಕಟ್ಟಡದ ಬುಟ್ಟಿ ಹೊರಲು ಬಂದರು. ಇಬ್ಬರ ಕೈಯೂ ಬರಿದು. ಇಂದು ನಮ್ಮ ಮೊಮ್ಮಕ್ಕಳು ಎಲ್ಲಿ? ಅವರ ಮೊಮ್ಮಕ್ಕಳು ಎಲ್ಲಿ?” — ಇಲ್ಲಿ ನಾನು ಗಂಭೀರವಾಗಿ ನೀರು ಕುಡಿಯುತ್ತೇನೆ — “ರಾತ್ರಿಶಾಲೆಯ ಬಾಗಿಲು ಎಲ್ಲರಿಗೂ ತೆರೆದಿತ್ತು. ನಾವು ಹೊಕ್ಕೆವು. ಅವರೇ ಬೇಡವೆಂದರು.” ಚಪ್ಪಾಳೆ. ಶಾಲು.

ನಾನು ಲೋಟ ತೊಳೆದದ್ದು ಸುಳ್ಳಲ್ಲ. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಮಾವನದು ಸಸ್ಯಾಹಾರಿ ಹೋಟೆಲು. ಊರಿಂದ ಬಂದವನು ಸ್ವಂತ ಸೋದರಳಿಯನೇ ಆದರೂ ಮೊದಲ ವಾರ ಹಿಂದಿನ ಮೋರಿಯಲ್ಲಿ, ಎಂದರೆ ಬಚ್ಚಲಿನಲ್ಲಿ, ಕೂತು ಪಾತ್ರೆ ತೊಳೆಯಬೇಕು, ಆಮೇಲೆ ಗಲ್ಲಾ — ಇದು ಮಾವನ ನಿಯಮ. ತೊಳೆದೆ, ಗಲ್ಲಾಕ್ಕೆ ಏರಿದೆ. ಆ ಒಂದು ವಾರದ ಸೋಪಿನ ನೊರೆಯನ್ನು ಇಷ್ಟು ವರ್ಷ ಬತ್ತದಂತೆ ಕಾಪಾಡಿಕೊಂಡು ಬಂದಿದ್ದೇನೆ. ನಿಜವಾಗಿ ಆ ಮೋರಿಯಲ್ಲಿ ಬೆಳಗಿನಿಂದ ಕೂತು ತೊಳೆಯುತ್ತಿದ್ದವನು ವಿಜಾಪುರದ ಕಡೆಯ ಭೀಮಶಿ. ಅಪ್ಪ-ಅವ್ವ ಕಟ್ಟಡದ ಕೆಲಸದವರು, ಠಾಕುರ್ಲಿಯ ಹತ್ತಿರ ತಗಡಿನ ಗುಡಿಸಲು. ಅವನಿಗೂ ನನಗೂ ಒಂದೇ ವಯಸ್ಸು, ಮೀಸೆ ಚಿಗುರುವ ವಯಸ್ಸು.

ಮಾವ ನಮ್ಮಿಬ್ಬರನ್ನೂ ಸಂಜೆ ರಾತ್ರಿಶಾಲೆಗೆ ಬಿಡುತ್ತಿದ್ದರು. ಮುನ್ಸಿಪಾಲಿಟಿ ಶಾಲೆಯ ಎರಡು ಕೋಣೆ. ಹಗಲು ಆಫೀಸಿನಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ ಮಾಸ್ತರರು ಲೋಕಲ್ ರೈಲು ಇಳಿದವರೇ ಬಂದು, ಟಿಫಿನ್ ಡಬ್ಬಿಯನ್ನು ಮೇಜಿನ ಮೇಲಿಟ್ಟು ಪಾಠ ಶುರುಮಾಡುತ್ತಿದ್ದರು. ಬೀಜಗಣಿತ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಭೀಮಶಿಗೆ ಅದು ಆಟ. “ವಾಸು, ನೀನು ಅವನ ಪಕ್ಕ ಕೂತು ಕಲಿ” ಎಂದರು ಮಾಸ್ತರರು, ಎಲ್ಲರೆದುರು.

ಕಲಿತೆ ಕೂಡಾ. ಮಧ್ಯಾಹ್ನ ಊಟದ ಗಿರಾಕಿಗಳು ಕರಗಿದ ಮೇಲೆ ಖಾಲಿ ಮೇಜಿನಲ್ಲಿ ಅವನು ನನಗೆ ಹೇಳಿಕೊಡುತ್ತಿದ್ದ, ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು. “ಏ ವಾಸ್ಯಾ, ಎಕ್ಸ್ ಅಂದ್ರ ಏನ್ ಹುಲಿ ಏನೋ? ಯಾಕ ಹೆದರ್ತಿ? ಈ ಕಡೀದು ಆ ಕಡೆ ಒಗಿ. ಅಧಿಕ ಇದ್ದದ್ದು ವಜಾ ಆಗ್ತದ. ಮುಗೀತು.”

ಒಂದು ದಿನ ಮಾವನ ಖಾಯಂ ಗಿರಾಕಿ, ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಕೆಮಿಕಲ್ ಕಾರ್ಖಾನೆಯ ಸ್ಟೋರ್ಸ್ ಸಾಹೇಬರು, ಇದನ್ನು ನೋಡಿ ಗಟ್ಟಿಯಾಗಿ ನಕ್ಕರು. “ಅರೆ ವಾಹ್! ಗಲ್ಲೇವಾಲೇ ಕೋ ಮೋರೀವಾಲಾ ಪಢಾ ರಹಾ ಹೈ!” ಗಲ್ಲಾದವನಿಗೆ ಮೋರಿಯವನು ಪಾಠ ಹೇಳುತ್ತಿದ್ದಾನೆ ಎಂದು. ಅವರ ನಗೆಯಲ್ಲಿ ವಿಷ ಇರಲಿಲ್ಲ. ಕಾಫಿ ಕುಡಿದು ಮರೆತೇಬಿಟ್ಟಿರಬೇಕು. ನಾನು ಮರೆಯಲಿಲ್ಲ. ಸಪ್ಲೈಯರುಗಳು ನಕ್ಕರು, ಅಡುಗೆಯ ಭಟ್ಟರು ಒಳಗಿನಿಂದ ಇಣುಕಿ ನಕ್ಕರು, ಭೀಮಶಿಯೂ ನಕ್ಕ — ಅವನು ನಕ್ಕದ್ದೇ ನನಗೆ… ಅದಕ್ಕೊಂದು ಮರ್ಯಾದಸ್ತ ಶಬ್ದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಹೊಟ್ಟೆಕಿಚ್ಚು ಎಂದೇ ಬರೆಯುತ್ತೇನೆ.

ಆ ಮೇಲೆ ಸ್ವಲ್ಪ ದಿನಕ್ಕೆ ಸಂಜೆ ಪಾತ್ರೆ ತೊಳೆಯುವವನು ಊರಿಗೆ ಹೋದ. ಮಾವ ನನ್ನನ್ನು ಕರೆದರು. “ಸಂಜೆ ಮೋರಿಗೆ ಜನ ಇಲ್ಲ ಮಾರಾಯ. ಬೇರೆ ಹುಡುಗ ಸಿಗುವವರೆಗೆ ನೀವಿಬ್ಬರೂ ದಿನ ಬಿಟ್ಟು ದಿನ ಶಾಲೆಗೆ ಹೋಗಿ. ಒಂದು ದಿನ ನೀನು ತೊಳಿ, ಒಂದು ದಿನ ಅವ. ಅವನನ್ನೂ ಒಂದು ಮಾತು ಕೇಳು, ಆಗ್ತದಾ ಅಂತ.”

ನಾನು ಗಲ್ಲಾದಿಂದ ಇಳಿದು ಮತ್ತೆ ಮೋರಿಗೆ! ಸಂಜೆಯ ಗಿರಾಕಿಗಳೆದುರು! ಆ ಕ್ಷಣ ನನ್ನ ಬಾಯಿಂದ ಬಂದದ್ದು ಇದು:

“ಕೇಳಿದೆ ಮಾವ. ಅವನೇ ಬೇಡ ಅಂದ. ಶಾಲೆಯೇ ಬೇಡವಂತೆ.”

ಕೇಳಿರಲಿಲ್ಲ.

“ಹೌದಾ? ಚುರುಕಿನ ಹುಡುಗ ಅಲ್ವಾ ಅದು?” ಎಂದರು ಮಾವ.

“ಅವರಲ್ಲಿ ಯಾರು ಓದ್ತಾರೆ ಮಾವ? ನಾಳೆ ಹೇಗೂ ಅಪ್ಪನ ಹಿಂದೆ ಸಿಮೆಂಟು ಹೊರ್ಲಿಕ್ಕೆ ಹೋಗುದು.”

“ಪಾಪ. ಬೇಡ ಅಂದವನನ್ನು ಒತ್ತಾಯ ಮಾಡಿ ಎಂತ ಮಾಡುದು” ಎಂದು ಮಾವ ಲೆಕ್ಕದ ಕಡೆ ತಿರುಗಿದರು.

ಅಲ್ಲಿಂದ ಹಿಂದೆ ಮೋರಿಗೆ ಹೋಗಿ ಭೀಮಶಿಗೆ ಹೇಳಿದೆ: “ಮಾವ ಇನ್ನು ನಿನ್ನನ್ನು ಸಂಜೆ ಬಿಡುವುದಿಲ್ಲವಂತೆ.” ಅವನ ಕೈ ಬಕೆಟ್ಟಿನೊಳಗೇ ನಿಂತಿತು. “ನನ್ನ ಪರವಾಗಿ ಒಂದ್ ಮಾತ್ ಹೇಳಬೇಕಿತ್ತಲ್ಲೋ ನೀ.” “ಹೇಳಿದೆ ಮಾರಾಯ. ಕೇಳಲಿಲ್ಲ.”

ಅವನು ನೇರ ಹೋಗಿ ಮಾವನನ್ನೇ ಯಾಕೆ ಕೇಳಲಿಲ್ಲ ಎಂದು ನೀವು ಕೇಳಬಹುದು. ಮೋರಿಯವನು ಮಾಲಕರ ಮುಂದೆ ಹೋಗಿ ನಿಲ್ಲುವ ಪದ್ಧತಿ ಇರಲಿಲ್ಲ. ನಡುವೆ ಗಲ್ಲಾ ಇತ್ತು. ಗಲ್ಲಾದಲ್ಲಿ ನಾನಿದ್ದೆ.

ರಾತ್ರಿಶಾಲೆಯಲ್ಲಿ ಮಾಸ್ತರರು “ಎಲ್ಲಿ ಆ ಹುಡುಗ?” ಎಂದಾಗ “ಅವನೇ ಬೇಡವೆಂದ ಸಾರ್” ಎಂದೆ. ಎರಡನೇ ಸಲ ಹೇಳುವಾಗ ನಾಲಗೆ ತಡವರಿಸಲೂ ಇಲ್ಲ. ಸುಳ್ಳು ಇಡ್ಲಿ ಹಿಟ್ಟಿನ ಹಾಗೆ. ರುಬ್ಬಿಟ್ಟರೆ ಸಾಕು, ಉಬ್ಬುವ ಕೆಲಸ ಅದೇ ನೋಡಿಕೊಳ್ಳುತ್ತದೆ. ಹೊಸ ಹುಡುಗ ಬೇಗನೇ ಸಿಕ್ಕಿದ. ಆದರೆ ಅಷ್ಟರಲ್ಲಿ ಭೀಮಶಿ ಹೋಟೆಲು ಬಿಟ್ಟು ಅಪ್ಪನ ಜೊತೆ ಸೆಂಟ್ರಿಂಗಿಗೆ, ಎಂದರೆ ಸ್ಲ್ಯಾಬ್ ಹಾಕುವ ಮೊದಲು ಹಲಗೆ ಕಟ್ಟುವ ಕೆಲಸಕ್ಕೆ ಸೇರಿದ್ದ. ನಾನು ಎರಡನೇ ಯತ್ನದಲ್ಲಿ ಮ್ಯಾಟ್ರಿಕ್ ದಾಟಿದೆ. ಗಟ್ಟಿಯಾಗಿ ನಕ್ಕಿದ್ದರಲ್ಲ, ಅದೇ ಸ್ಟೋರ್ಸ್ ಸಾಹೇಬರು ಮಾವನ ಮುಖ ನೋಡಿ ನನಗೆ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದರು. ನಿವೃತ್ತನಾಗುವಾಗ ಅವರ ಕುರ್ಚಿಯಲ್ಲೇ ಕೂತಿದ್ದೆ.

ಇದನ್ನು ನಾನು ವೇದಿಕೆಯಿಂದ ‘ನಮ್ಮವರ ಏಳಿಗೆ’ ಎಂದು ಬಣ್ಣಿಸಿದೆ.

ಭೀಮಶಿಯೊಡನೆ ಗೆಳೆತನ ಮುರಿಯಲಿಲ್ಲ — ಇದೇ ಹೆಚ್ಚು ನಾಚಿಕೆಗೇಡು. ಎಷ್ಟೋ ಸಲ ಸ್ಟೇಷನ್ನಿನ ಸೇತುವೆಯ ಮೇಲೆ ಸಿಗುತ್ತಿದ್ದ, ಕೈಮೇಲೆ ಸಿಮೆಂಟಿನ ಬೂದು. “ಏನ್ರಿ ವಾಸುದೇವರಾವ್ ಸಾಹೇಬ್ರ, ಗುರುದಕ್ಷಿಣಾ ಯಾವಾಗ ಕೊಡಾವ್ರು?” ಎಂದು ಚಾದಂಗಡಿಗೆ ಎಳೆದೊಯ್ಯುತ್ತಿದ್ದ. ಹೆಚ್ಚಾಗಿ ದುಡ್ಡು ತಾನೇ ಕೊಡುತ್ತಿದ್ದ. ಒಮ್ಮೊಮ್ಮೆ ಮಾತ್ರ ಚಾ ಮುಗಿದ ಮೇಲೆ, “ನಿಮ್ಮ ಮಾವ ಇನ್ನೊಂದ್ ವರ್ಷ ಬಿಟ್ಟಿದ್ರ…” ಎಂದು ನಿಲ್ಲಿಸುತ್ತಿದ್ದ. ನಾನು ಏನೆನ್ನುತ್ತಿದ್ದೆ? “ಮಾವನ ಸ್ವಭಾವವೇ ಹಾಗೆ” ಎನ್ನುತ್ತಿದ್ದೆ. ಅತ್ತ ಮಾವ, ವಯಸ್ಸಾದ ಮೇಲೂ, “ಆ ಚುರುಕಿನ ಹುಡುಗ ಎಂತ ಮಾಡ್ತಾನಾ ಈಗ?” ಎಂದು ನನ್ನನ್ನು ಕೇಳುತ್ತಿದ್ದರು. “ಚೆನ್ನಾಗಿದ್ದಾನೆ” ಎನ್ನುತ್ತಿದ್ದೆ. ಮಾವ ತೀರಿಕೊಂಡ ಸುದ್ದಿ ಹೇಳಿದಾಗ ಭೀಮಶಿ ನೆಲ ನೋಡಿ, “ಹೋದ್ನಾ? ಹೋಗ್ಲಿ ಬಿಡು” ಎಂದ. ಆಗಲಾದರೂ ಬಾಯಿ ತೆರೆಯಬಹುದಿತ್ತು.

ಈ ವರ್ಷ ಭೀಮಶಿಯ ಮೊಮ್ಮಗಳು ಸವಿತಾ ನನ್ನ ಮನೆಗೆ ಬಂದಳು. ವಾಶಿಯ ಒಂದು ಕಾಲೇಜಿನಲ್ಲಿ ಎಂಎ, ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಅವಳು ಬರೆಯುತ್ತಿರುವ ಪ್ರಬಂಧದ ವಿಷಯ — ಡೊಂಬಿವಲಿ, ಕಲ್ಯಾಣಗಳಿಗೆ ಬಂದ ಎರಡು ಗುಂಪಿನ ಕನ್ನಡಿಗರು, ಹೋಟೆಲಿನವರು ಮತ್ತು ಕಟ್ಟಡದವರು: ಮೂರನೇ ತಲೆಮಾರಿಗೆ ಯಾರು ಎಲ್ಲಿ ಮುಟ್ಟಿದರು, ಯಾಕೆ. ನನ್ನದೇ ವಿಷಯ!

“ಅಜ್ಜಾರ, ಮಧ್ಯೆ ಮರಾಠಿ ಬಂದ್ರ ಸಾಂಭಾಳ್ಸಿಕೊಳ್ರಿ” ಎಂದು ಮೊಬೈಲು ನಡುವೆ ಇಟ್ಟಳು. “ಮುತ್ಯಾ ಹೇಳ್ಯಾನ, ವಾಸ್ಯಾನ ಕೇಳು, ಅಂವ ಓದಿದಾಂವ, ಎಲ್ಲಾ ಗೊತ್ತೈತಿ ಅಂವಗ ಅಂತ.” ಅಜ್ಜನ ಹಾಗೆ ವಾಸ್ಯಾ ಎಂದದ್ದಕ್ಕೆ ತಾನೇ ನಾಲಗೆ ಕಚ್ಚಿಕೊಂಡು ನಕ್ಕಳು. ಒಳಗಿನಿಂದ ನನ್ನ ಮೊಮ್ಮಗ “ಆಜೋಬಾ, ವಾಯ್‌ಫಾಯ್ ಬಂದ್ ಆಹೇ ಕಾ?” ಎಂದು ಮರಾಠಿಯಲ್ಲಿ ಕೂಗಿದ. ನಾಡುನುಡಿಯ ವಾರಸುದಾರ.

ಅವಳು ನನ್ನ ಭಾಷಣ ಅಚ್ಚಾದ ಹಳೆಯ ಸಂಚಿಕೆ ತೆಗೆದಳು. “ಭಾಷಣ ಭಾರಿ ಐತ್ರಿ. ಖರೆ ಒಂದ್ ಡೌಟ್. ‘ಅವರೇ ಬೇಡವೆಂದರು’ ಅಂತ ಬರದೀರಿ. ಯಾರ್ ಬ್ಯಾಡ ಅಂದ್ರ್ರಿ? ಒಬ್ಬರದರ ಹೆಸರ ಹೇಳ್ರಿ, ನಾ ಹೋಗಿ ಭೆಟ್ಟಿ ಆಗ್ತೀನಿ. ನಮ್ಮ ಮ್ಯಾಡಮ್ ಪುರಾವೆ ಕೇಳ್ತಾರ.”

ಇಷ್ಟು ವರ್ಷ, ಇಷ್ಟು ಸಭೆ — ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇಡೀ ಸಮುದಾಯದ ಮೇಲೆ ನಾನು ಹೊರಿಸಿದ ಮಾತಿಗೆ ನನ್ನಲ್ಲಿದ್ದ ಸಾಕ್ಷಿ ಒಬ್ಬನೇ. ಅವನು ಎದುರಿಗೆ ಕೂತವಳ ಅಜ್ಜ. ಅವನೂ ಬೇಡವೆಂದಿರಲಿಲ್ಲ.

“ಹೆಸರು ನೆನಪಿಲ್ಲ ಮಗಾ” ಎಂದೆ.

“ಹೋಗ್ಲಿ ಬಿಡ್ರಿ. ಇನ್ನೊಂದು… ನಮ್ಮ ಮುತ್ಯಾನ ಸಾಲಿ ನಿಮ್ಮ ಮಾವ ಬಿಡಿಸಿದ್ರಂತಲ್ಲ, ಅದನ್ನ ಬರೀಲೇನ್ರಿ? ನಿಮಗ ಬ್ಯಾಸರ ಆಗಂಗಿಲ್ಲಲ?”

ನಾನು ಒಂದು ನಿಮಿಷ ಕಣ್ಣು ಮುಚ್ಚಿದೆ. ವೇದಿಕೆಯ ಅಭ್ಯಾಸ. ಆಮೇಲೆ ಉದಾರವಾಗಿ, “ಬರಿ ಮಗಾ. ಸತ್ಯಕ್ಕೆ ಬೇಸರ ಏನು?” ಎಂದೆ. ಹುಡುಗಿಯ ಕಣ್ಣು ತುಂಬಿತು. “ನಿಮ್ಮ ಮನಸ್ಸ ಭಾಳ ದೊಡ್ಡದ್ರಿ ಅಜ್ಜಾರ” ಎಂದು ಕಾಲು ಮುಟ್ಟಿ ನಮಸ್ಕರಿಸಿ ಹೋದಳು. ಅವಳ ಕೈ ತಾಗಿದ ಪಾದವನ್ನು ಎಲ್ಲಿಡುವುದೆಂದು ತಿಳಿಯದೆ ಕೂತೆ. ಮಾವನಿಗೆ ಮಾತಾಡಲು ಬಾಯಿಲ್ಲ. ಭೀಮಶಿಗೆ ಗೊತ್ತಿಲ್ಲ. ಈಗ ಅದು ಪ್ರಬಂಧವಾಗಿ ಕಾಲೇಜಿನ ಕಪಾಟಿನಲ್ಲಿ ಕೂರುತ್ತದೆ — ನನ್ನ ಸುಳ್ಳು, ಅವನ ಮೊಮ್ಮಗಳ ಅಕ್ಷರದಲ್ಲಿ.

ನನ್ನ ಮಗ ಠಾಣೆಯಲ್ಲಿ ಚಾರ್ಟರ್ಡ್ ಅಕೌಂಟೆಂಟ್. ಭೀಮಶಿಯ ಮಗ ಕಲ್ಯಾಣದಲ್ಲಿ ರಿಕ್ಷಾ ಓಡಿಸುತ್ತಾನೆ. ನಡುವಿನ ಅಂತರಕ್ಕೆ ನಾನು ಹಠ, ಶಿಸ್ತು, ವಿದ್ಯಾಪ್ರೇಮ ಎಂದೆಲ್ಲ ಹೆಸರಿಟ್ಟೆ. ಇದ್ದದ್ದು — ಊರಿಂದ ಕರೆಸಿಕೊಳ್ಳಲು ಒಬ್ಬ ಮಾವ, ಕೂರಲು ಒಂದು ಗಲ್ಲಾ, ಗಲ್ಲಾದ ಮುಂದೆ ನಿಂತು ಮಾತಾಡಿಸುವ ಒಬ್ಬ ಸಾಹೇಬ. ಅವನಿಗೆ ಇದ್ದದ್ದು ತಲೆ ಮಾತ್ರ. ಎಲ್ಲ ಸಮಾಜದ ತಪ್ಪು ಎಂದು ಈಗ ಹೊಸ ಭಾಷಣ ಮಾಡಿ ಜಾರಿಕೊಳ್ಳಲೂಬಹುದು. ಅದಕ್ಕೂ ಶಾಲು ಸಿಕ್ಕೀತು. ಆದರೆ ಆ ದಿನ ಸಮಾಜ ಮಾತಾಡಿದ್ದು ನನ್ನ ಬಾಯಿಂದ, ನನ್ನ ಧ್ವನಿಯಲ್ಲಿ, ನನ್ನ ಲಾಭಕ್ಕೆ.

ಭಾನುವಾರ ಠಾಕುರ್ಲಿಗೆ ಹೋದೆ. ಭೀಮಶಿ ಮನೆಯ ಮುಂದಿನ ಕಟ್ಟೆಯ ಮೇಲೆ ಮೊಣಕಾಲಿಗೆ ಎಣ್ಣೆ ಹಚ್ಚುತ್ತ ಕೂತಿದ್ದ. “ಬಾರಪಾ ಸಾಹೇಬಾ! ಪೋರಿ ನಿನ್ನ ಹೊಗಳಿ ಹೊಗಳಿ ನನ್ನ ಕಿವಿ ತಿಂದ್ಲು” ಎಂದ. ಕೂತುಕೊಳ್ಳದೆಯೇ ಹೇಳಿದೆ. ಅಲಂಕಾರ ಬಳಸಲಿಲ್ಲ. ಮಾವ ಬಿಡಿಸಿದ್ದಲ್ಲ, ನಾನು ಬಿಡಿಸಿದ್ದು. ನೀನೇ ಬೇಡವೆಂದೆ ಅಂತ ಮಾವನಿಗೆ ಹೇಳಿದೆ, ಮಾವ ಬಿಡುವುದಿಲ್ಲ ಅಂತ ನಿನಗೆ ಹೇಳಿದೆ.

ಅವನು ಎಣ್ಣೆಯ ಕೈಯನ್ನು ಹಾಗೇ ಹಿಡಿದಿದ್ದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ —

“ನಿಮ್ಮ ಮಾವ ಏನಂದಿದ್ದ?”

“ಇಬ್ಬರೂ ದಿನ ಬಿಟ್ಟು ದಿನ ಶಾಲೆಗೆ ಹೋಗಿ ಅಂದಿದ್ದರು.”

ಭೀಮಶಿ ಎಣ್ಣೆಯ ಬಟ್ಟಲು ಪಕ್ಕಕ್ಕೆ ಸರಿಸಿದ. ಆಮೇಲೆ, ನನಗಲ್ಲ, ಎದುರಿನ ಗೋಡೆಗೆ ಹೇಳಿದ ಹಾಗೆ, “ದಿನ ಬಿಟ್ಟು ದಿನ… ಅಷ್ಟ ಸಾಕಿತ್ತಲ್ಲೋ ನನಗ” ಎಂದ.

ಮತ್ತೆ, “ಆ ಮನಶ್ಯಾಗ ಎಷ್ಟ್ ಬೈದೆ ನಾನು. ಸತ್ತಾಗೂ ಹೋಗಲಿಲ್ಲ” ಎಂದ.

ಸವಿತಾ ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಭೀಮಶಿ ಅವಳತ್ತ ನೋಡದೆ, “ಏ ಪೋರಿ, ನಿನ್ನ ಮೋಬೈಲ್ ತಗೊಂಡ್ ಬಾ. ಇಂವ ಮತ್ತ ಹೇಳ್ತಾನ. ಬರ್ಕೋ. ಆ ಮಾಲಕನ ಹೆಸರ ತಗಿ” ಎಂದ. ಅವಳು ಮೊಬೈಲು ತಂದಿಟ್ಟು, ನೋಟುಬುಕ್ಕು ತೆರೆದಳು. ಸ್ಟೂಲು ಸರಿಸಿದಳು. “ಹೇಳ್ರಿ ಸರ್” ಎಂದಳು.

ಹೇಳಿದೆ. ನನ್ನ ಪೂರ್ತಿ ಹೆಸರು ಸೇರಿಸಿ ಹೇಳಿದೆ. ಬರೆದುಕೊಳ್ಳುವಾಗ ಅವಳ ಕೈ ಎರಡು ಸಲ ನಿಂತಿತು. ನಾನು ನಿಲ್ಲಲಿಲ್ಲ. ಈ ಸಲದ ರಾಜ್ಯೋತ್ಸವಕ್ಕೆ ಭಾಷಣ ಕೊಡುವುದಿಲ್ಲವೆಂದೂ, ಅದರ ಜಾಗದಲ್ಲಿ ಇದನ್ನು ಅಚ್ಚು ಹಾಕಿಸುತ್ತೇನೆಂದೂ ಹೇಳಿದೆ. ಅದೇನೂ ದೊಡ್ಡ ಕೆಲಸವಲ್ಲ.

ಎದ್ದು ಚಪ್ಪಲಿ ಮೆಟ್ಟಿ, ಹೊರಡುವಾಗ ಎಲ್ಲರೂ ಹೇಳುವ ಹಾಗೆ, “ಬರ್ತೇನೆ ಭೀಮಶಿ” ಎಂದೆ.

ಬಾ ಎಂದು ಅವನು ಅನ್ನಲಿಲ್ಲ.